ಕಾವಲಿನಲ್ಲಿ ಕಳೆದದ್ದು, ಸಿಕ್ಕಿದ್ದು



ಹೋದ ತಿಂಗಳ ಗೋಡೆ ಪತ್ರಿಕೆಯ ಮೂಲೆಯಲ್ಲಿ 'ಶಾಲೆಯಲ್ಲಿ ಕಳೆದುಹೋದ ವಸ್ತುಗಳು' ಎಂದು ಒಂದು ಪಟ್ಟಿ ಹಾಕಿದ್ದರು. ಎರಡು ಜಾಮಿಟ್ರಿ ಬಾಕ್ಸು, ಒಂದು ಟಿಫನ್ ಡಬ್ಬಿಯ ಮುಚ್ಚಳ, ಒಂದು ಎಡಗಾಲಿನ ಚಪ್ಪಲಿ. ಅದನ್ನು ಓದಿದಾಗ ನನಗೆ ನಮ್ಮೂರ ಕಾವಲಿನ ನೆನಪಾಯಿತು. ಅಲ್ಲಿ ಕಳೆದುಹೋದ ವಸ್ತುಗಳ ಪಟ್ಟಿ ಮಾಡಿದರೆ ಈ ಗೋಡೆಯೇ ಸಾಲದು. ಸಿಕ್ಕಿದ ವಸ್ತುಗಳ ಪಟ್ಟಿಯೂ ಚಿಕ್ಕದಲ್ಲ. ಆದ್ದರಿಂದ ಈ ತಿಂಗಳು ಅದನ್ನೇ ಬರೆಯುತ್ತಿದ್ದೇನೆ.

ನಮ್ಮೂರ ಕಾವಲು ನಿಮಗೆಲ್ಲ ಗೊತ್ತೇ ಇದೆ. ಕೆರೆಯ ಕೆಳಗೆ ತೆಂಗಿನ ತೋಟ, ಕೆರೆಯ ಮೇಲೆ ರಾಗಿ ಹೊಲ, ಹುರುಳಿ ಹೊಲ, ಅದರಾಚೆ ಗರಸು ನೆಲದ ಕಾವಲು. ಜಾಲಿ, ಬಂದ್ರೆ, ತಂಗಡಿ, ಕಾರೆ, ಎಲಚಿ ಗಿಡಗಳು. ಈಗೀಗ ಎಲ್ಲಿ ನೋಡಿದರೂ ಲಂಟಾನ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಎಂದರೆ ಎಲ್ಲರಿಗೂ ಕೊಬ್ಬರಿ ನೆನಪಾಗುತ್ತದೆ. ಕಾವಲು ಯಾರಿಗೂ ನೆನಪಾಗುವುದಿಲ್ಲ. ಆದರೆ ತೆಂಗಿಗಿಂತ ಮೊದಲು ಈ ಸೀಮೆಯ ಹೆಸರು ದನಗಳಿಂದ ಬಂದಿತ್ತು. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ದನದ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ್ ಮಹಲ್' ಎಂದು ಹೆಸರಿಟ್ಟನು. ಆ ಎತ್ತುಗಳು ಫಿರಂಗಿ ಎಳೆಯುತ್ತಿದ್ದವು. ಅವು ಮೇಯಲಿ ಎಂದು ಕಾದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿ ಈಗಲೂ ಅಮೃತ್ ಮಹಲ್ ದನಗಳನ್ನು ಸಾಕುತ್ತಾರೆ.

ನಾನು ಭಾನುವಾರ ತಾತನ ಜೊತೆ ಆಡು ಹೊಡೆದುಕೊಂಡು ಕಾವಲಿಗೆ ಹೋಗುತ್ತೇನೆ. ನಮ್ಮ ತಾತ ಹಿಂದೆ ಬೇಟೆಗಾರ. ಯುಗಾದಿಯ ಮಾರನೆ ದಿನ, ವರ್ಷದ ತೊಡಕಿಗೆ, ಹತ್ತು ಮನೆಯ ಗಂಡಸರು ಬಲೆ, ದೊಣ್ಣೆ, ನಾಯಿ, ತಮಟೆ ತೆಗೆದುಕೊಂಡು ಕಾವಲಿಗೆ ಇಳಿಯುತ್ತಿದ್ದರಂತೆ. ಮೊಲಕ್ಕೆ ಬಲೆ, ಗೌಜಲ ಹಕ್ಕಿಗೆ ಉರುಲು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. "ಡೆಲ್ಲಿಯಿಂದ ನಮ್ಮೂರ್ಗೆ ಅದು ನಡ್ಕಂಡು ಬಂತು ಕಣವ್ವ, ಅದ್ಕೇ ನಾಕಾರು ವರ್ಷ ತಡ ಆಯ್ತು" ಎಂದು ತಾತ ನಗುತ್ತಾರೆ. ಆಮೇಲೆ ಬೇಟೆ ನಿಂತಿತು. ಬಲೆಯನ್ನು ಅಟ್ಟದ ಮೇಲೆ ಹಾಕಿದರು. ಅದು ಇಲಿ ಕಡಿದು ಹಾಳಾಯಿತು.

ಬೇಟೆಗೆ ಹೋದವರು ಏನೇನೋ ಕಳೆದುಕೊಂಡು ಬರುತ್ತಿದ್ದರು. ಪೊದೆಯಲ್ಲಿ ನುಗ್ಗಬೇಕು, ಓಡಬೇಕು, ಬೀಳಬೇಕು. ಸೊಂಟದಲ್ಲಿದ್ದದ್ದು ಸೊಂಟದಲ್ಲಿ ಉಳಿಯುವುದಿಲ್ಲ. ಚೂರಿ, ಬೀಡಿ ಕಟ್ಟು, ಟವೆಲ್, ಬ್ಯಾಟರಿ. ತಾತ ಕಳೆದುಕೊಂಡದ್ದು ಹಿತ್ತಾಳೆಯ ಸುಣ್ಣದ ಡಬ್ಬಿ. ಅದು ಮದುವೆಯಲ್ಲಿ ಅಜ್ಜಿಯ ತವರಿನವರು ಕೊಟ್ಟದ್ದು. ಅಜ್ಜಿ ಇರುವ ತನಕ ಕೇಳುತ್ತಿದ್ದರಂತೆ, "ಎಲ್ಲಿ ನಮ್ಮಪ್ಪನ ಮನೆ ಡಬ್ಬಿ?" ಎಂದು. ಈಗ ಕೇಳುವವರಿಲ್ಲ. ಆದರೂ ತಾತ ಕಾವಲಿನ ಆ ಜಾಗಕ್ಕೆ ಬಂದಾಗ ಕೋಲಿನಲ್ಲಿ ಪೊದೆ ಸರಿಸಿ ನೋಡುತ್ತಾರೆ. ನಾನು ಮಾತಾಡುವುದಿಲ್ಲ. ಆಡುಗಳು ಮುಂದೆ ಹೋದರೆ ತಿರುಗಿಸಿಕೊಂಡು ಬರುತ್ತೇನೆ.

ಬೇಟೆಗಾರರಲ್ಲಿ ಒಂದು ಕಟ್ಟುಪಾಡು ಇತ್ತು. ಕಾವಲಿನಲ್ಲಿ ಯಾರಿಗೆ ಏನು ಸಿಕ್ಕಿದರೂ ಮನೆಗೆ ಒಯ್ಯುವಂತಿಲ್ಲ. ಅಲ್ಲೇ ನಿಂತು ಮೂರು ಸಲ ಕೂಗಬೇಕು. "ಯಾರ್ದೋ ಸಿಕ್ಕೈತೆ ಬರ್ರಪ್ಪೋ" ಎಂದು. ಯಾರೂ ಬರದಿದ್ದರೆ ತಂದು ದಾರಿ ಕೂಡುವಲ್ಲಿರುವ ಬಸರಿ ಮರಕ್ಕೆ ನೇತುಹಾಕಬೇಕು. ಕಳೆದುಕೊಂಡವನು ಬಂದು ತೆಗೆದುಕೊಂಡು ಹೋಗುತ್ತಾನೆ. ಬೇರೆಯವರು ಮುಟ್ಟುವುದಿಲ್ಲ. ಬೇಟೆ ನಿಂತರೂ ದನ ಕಾಯುವವರು, ಸೌದೆಗೆ ಹೋಗುವವರು ಇದನ್ನು ಬಿಡಲಿಲ್ಲ. ಈಗಲೂ ಆ ಮರದಲ್ಲಿ ಒಂದು ಆಡಿನ ಗಂಟೆ, ಒಂದು ಕಡ್ಡಿ ಮುರಿದ ಕನ್ನಡಕ, ಮೂರು ಬೀಗದ ಕೈ, ತುಕ್ಕು ಹಿಡಿದ ಒಂದು ಕುಡುಗೋಲು ನೇತಾಡುತ್ತಿವೆ. ಎರಡು ವರ್ಷದ ಹಿಂದೆ ಒಂದು ಮಗುವಿನ ಬೆಳ್ಳಿ ಕಾಲ್ಚೈನು ಹದಿನೈದು ದಿನ ನೇತಾಡಿ, ಕೊನೆಗೆ ಮಗುವಿನ ಅಮ್ಮನಿಗೇ ಸಿಕ್ಕಿತು. ಹದಿನೈದು ದಿನ ಎಷ್ಟು ಜನ ಆ ದಾರಿಯಲ್ಲಿ ಓಡಾಡಿರಬಹುದು, ನೀವೇ ಲೆಕ್ಕ ಹಾಕಿ.

ನನಗೆ ಕಾವಲಿನಲ್ಲಿ ಸಿಗುವ ವಸ್ತುಗಳು ಬೇರೆ. ಹಾವಿನ ಪೊರೆ, ಮುಳ್ಳುಹಂದಿಯ ಮುಳ್ಳು, ಗೀಜಗನ ಗೂಡು, ನವಿಲುಗರಿ. ಗಂಡು ನವಿಲಿನ ಬಾಲದಂತೆ ಕಾಣುವ ಉದ್ದ ಗರಿಗಳು ಸುಮಾರು 150ರಿಂದ 200 ಇರುತ್ತವೆ. ಮಳೆಗಾಲ ಮುಗಿಯುತ್ತ ಬಂದಂತೆ ಅವು ತಾವಾಗಿ ಉದುರುತ್ತವೆ, ಮತ್ತೆ ಹೊಸದಾಗಿ ಬೆಳೆಯುತ್ತವೆ. ತಾನಾಗಿ ಉದುರಿದ ಗರಿಗೂ ಕಿತ್ತ ಗರಿಗೂ ವ್ಯತ್ಯಾಸವನ್ನು ತಾತ ಹೇಳಿಕೊಟ್ಟಿದ್ದಾರೆ. ಉದುರಿದ ಗರಿಯ ಬುಡ ಒಣಗಿ ಬೆಳ್ಳಗೆ, ಬಳಪದ ಹಾಗೆ ಇರುತ್ತದೆ. ಕಿತ್ತ ಗರಿಯ ಬುಡದಲ್ಲಿ ರಕ್ತವೋ ಚರ್ಮವೋ ಅಂಟಿರುತ್ತದೆ. "ಬುಡ ನೋಡ್ದೆ ಗರಿ ಎತ್ಕಬ್ಯಾಡ" ಎಂಬುದು ತಾತನ ಮಾತು.

ಈ ಶ್ರಾವಣದ ಒಂದು ಭಾನುವಾರ ನನಗೆ ಸಿಕ್ಕಿದ್ದು ಗರಿಯಲ್ಲ. ಎಲಚಿ ಪೊದೆಯ ಹಿಂದೆ ಪಟಪಟ ಎಂದು ಸದ್ದಾಯಿತು. ಹೋಗಿ ನೋಡಿದರೆ ಒಂದು ಹೆಣ್ಣು ನವಿಲು. ಅದರ ಕಾಲಿಗೆ ಬೈಕಿನ ಕ್ಲಚ್ ವೈರಿನ ಉರುಲು ಬಿದ್ದಿತ್ತು. ಎಳೆದಷ್ಟೂ ವೈರು ಬಿಗಿದು ಕಾಲು ಸೀಳಿತ್ತು. ಸುತ್ತ ಕಂದು ಬಣ್ಣದ ಗರಿಗಳು ಬಿದ್ದಿದ್ದವು. ಎಲ್ಲದರ ಬುಡದಲ್ಲೂ ರಕ್ತ.

ನಾನು ಕೂಗಿದೆ. ತಾತ ಬಂದವರೇ ಹೆಗಲ ಮೇಲಿನ ಟವೆಲನ್ನು ನವಿಲಿನ ತಲೆಯ ಮೇಲೆ ಹಾಕಿದರು. ಕಣ್ಣು ಮುಚ್ಚಿದ ಕೂಡಲೇ ಅದು ಸುಮ್ಮನಾಯಿತು. ನಾನು ರೆಕ್ಕೆ ಒತ್ತಿ ಹಿಡಿದೆ. ಅದರ ಎದೆ ಡವಡವ ಹೊಡೆದುಕೊಳ್ಳುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ತಾತ ಉಗುರಿನಲ್ಲಿ ವೈರು ಸಡಿಲಿಸಿ ಕಾಲು ಬಿಡಿಸಿದರು. ಟವೆಲ್ ತೆಗೆದಾಗ ಅದು ಒಂದು ಗಳಿಗೆ ಹಾಗೇ ಕುಳಿತಿತ್ತು. ಆಮೇಲೆ ಕುಂಟುತ್ತಾ ಲಂಟಾನದೊಳಗೆ ಹೋಯಿತು. ಮೊಟ್ಟೆ ಇಟ್ಟಿತ್ತೋ, ಮರಿ ಇದ್ದವೋ ಗೊತ್ತಿಲ್ಲ. ಹೆಣ್ಣು ನವಿಲು ನೆಲದ ಮೇಲೆ, ಪೊದೆಯ ಬುಡದಲ್ಲಿ ಮೊಟ್ಟೆ ಇಡುವ ಕಾಲ ಅದು.

ತಾತ ಗೂಟ ಕಿತ್ತು ವೈರನ್ನು ಕೈಗೆ ತೆಗೆದುಕೊಂಡು ನೋಡುತ್ತಾ ನಿಂತರು. ತುಂಬಾ ಹೊತ್ತು ನೋಡಿದರು. ಎರಡು ಸುತ್ತು ಹಾಕಿ, ಒಳಗಿಂದ ತಿರುವಿ ತೆಗೆದ ಜಾರುಗಂಟು.

"ಈ ಗಂಟು ನಂದು" ಎಂದರು.

ನನಗೆ ಎದೆ ಝಲ್ಲೆಂದಿತು. "ನೀವಾ ಹಾಕಿದ್ದು?" ಎಂದೆ.

"ಥೂ, ನಾನ್ಯಾಕೆ ಹಾಕ್ಲಿ. ಗಂಟು ನಂದು ಅಂದೆ. ಗೌಜಲಿಗೆ ಹಾಕೋ ಗಂಟು. ಆಗ ನಾವು ಕುದ್ರೆ ಬಾಲದ ಕೂದ್ಲಲ್ಲಿ ಹಾಕ್ತಿದ್ವಿ. ನಾಕು ಜನಕ್ಕೆ ಹೇಳ್ಕೊಟ್ಟಿದ್ದೆ. ಇಬ್ರು ತೀರ್ಕಂಡ್ರು. ಒಬ್ಬ ಬೆಂಗ್ಳೂರು ಸೇರ್ಕಂಡ. ಇನ್ನೊಬ್ಬ..." ಎಂದು ಅಲ್ಲಿಗೆ ನಿಲ್ಲಿಸಿದರು. ಅವರು ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪನಿಂದ ಮಗ ಕಲಿತಿರಬಹುದು, ಮಗನಿಂದ ಅವನ ಸ್ನೇಹಿತರು ಕಲಿತಿರಬಹುದು. ಗಂಟಿಗೆ ಹೆಸರು ಬರೆದಿರುವುದಿಲ್ಲ.

ನವಿಲು ನಮ್ಮ ರಾಷ್ಟ್ರಪಕ್ಷಿ ಎಂದು 1963ರಲ್ಲಿ ಘೋಷಣೆಯಾಯಿತು. ಕಾಯಿದೆಯ ಮೊದಲನೆ ಪಟ್ಟಿಯಲ್ಲಿ ಅದರ ಹೆಸರಿದೆ. ಅದನ್ನು ಬೇಟೆಯಾಡಿದರೆ 3 ವರ್ಷದಿಂದ 7 ವರ್ಷದವರೆಗೆ ಜೈಲು. ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಪಾಠದಲ್ಲಿ ಹೇಳಿದ್ದರು. ದಾರಿಯಲ್ಲಿ ಬರುವಾಗ ನಾನು ಇದನ್ನೇ ಹೇಳಿದೆ. ದೂರು ಕೊಡೋಣ ಎಂದೆ. ತಾತ ಏನೂ ಅನ್ನಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, "ಆ ಮನೇಲೂ ಒಲೆ ಉರೀಬೇಕಲ್ಲವ್ವ" ಎಂದರು. "ಹಂಗಂತ ಬಿಟ್ರೆ ನಾಳೆ ಇನ್ನೊಂದು ಬೀಳ್ತದೆ" ಎಂದೂ ಅವರೇ ಹೇಳಿದರು.

ಮನೆಯಲ್ಲಿ ಚಿಕ್ಕಪ್ಪನ ಮಾತೇ ಬೇರೆ. "ಉರ್ಲು ನವಿಲಿಗೆ ಹಾಕಿರಲ್ಲ, ಹಂದಿಗೆ ಹಾಕಿರ್ತಾರೆ. ಹಂದಿ ಮಾಡೋ ಹಾಳು ನಿಂಗೇನು ಗೊತ್ತು?" ಎಂದರು. ಇದೂ ಸುಳ್ಳಲ್ಲ. ನಮ್ಮ ಹೊಸ ತೋಟದಲ್ಲಿ ಹೋದ ವರ್ಷ ಕಾಡುಹಂದಿ ಒಂದೇ ರಾತ್ರಿಯಲ್ಲಿ ಹನ್ನೊಂದು ತೆಂಗಿನ ಸಸಿಗಳ ಬುಡ ಅಗೆದು ತಿಂದು ಹಾಕಿತು. ನಮ್ಮ ಕಡೆಯ ತಿಪಟೂರು ಟಾಲ್ ತಳಿ ಫಲ ಕೊಡುವುದಕ್ಕೆ ಆರೇಳು ವರ್ಷ ಬೇಕು. ಬೆಳೆ ಹಾಳಾದರೆ ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ಹೋದ ವರ್ಷಗಳನ್ನು ಯಾರು ಕೊಡುತ್ತಾರೆ ಎಂದು ಚಿಕ್ಕಪ್ಪ ಕೇಳುತ್ತಾರೆ. ನವಿಲು ಕೂಡ ಹುರುಳಿ, ಅವರೆ ಮೊಳಕೆಯನ್ನು ಕುಕ್ಕಿ ತಿನ್ನುತ್ತದೆ. ರೈತರ ಸಿಟ್ಟಿಗೆ ಕಾರಣವಿದೆ.

ಆದರೆ ಉರುಲಿಗೆ ಕಣ್ಣಿಲ್ಲ. ಹಂದಿಗೆ ಹಾಕಿದ್ದು ನವಿಲಿಗೆ ಬೀಳುತ್ತದೆ, ನಮ್ಮ ಆಡಿಗೂ ಬೀಳುತ್ತದೆ. ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಡೆ ಚಿರತೆ, ಕರಡಿ ಇವೆ. ಅವೂ ಇಂಥ ವೈರಿಗೆ ಸಿಕ್ಕಿಬೀಳುತ್ತವೆ. ಚಿರತೆ ಸೊಂಟಕ್ಕೆ ವೈರು ಬಿದ್ದು ಒದ್ದಾಡುತ್ತಿರುವಾಗ ಸೌದೆಗೆ ಹೋದವರು ಅದರ ಎದುರಿಗೆ ಹೋದರೆ ಗತಿಯೇನು? ಗೂಟಕ್ಕೆ ವೈರು ಕಟ್ಟಿ ಬಂದವನು ಮನೆಯಲ್ಲಿ ಮಲಗಿರುತ್ತಾನೆ. ಹಿಂದೆ ಬೇಟೆಗೆ ಹೋದವರು ಕಾವಲಿನಲ್ಲೇ ಇರುತ್ತಿದ್ದರು, ಏನು ಬಿತ್ತೆಂದು ನೋಡುತ್ತಿದ್ದರು. ವೈರು ಹಾಕುವವನು ನೋಡುವುದೇ ಇಲ್ಲ.

ಮಾರನೆ ದಿನ ಬೆಳಿಗ್ಗೆ ತಾತ ವೈರನ್ನು ಬಿಚ್ಚದೆ, ಗಂಟು ಕಾಣುವ ಹಾಗೆ, ಬಸರಿ ಮರಕ್ಕೆ ನೇತುಹಾಕಿದರು. ಕನ್ನಡಕದ ಪಕ್ಕದಲ್ಲಿ. ದಾರಿಗೆ ತಿರುಗಿ ಮೂರು ಸಲ ಕೂಗಿದರು, "ಯಾರ್ದೋ ಸಿಕ್ಕೈತೆ ಬರ್ರಪ್ಪೋ!" ಹಾಲು ಹಾಕಲು ಡೈರಿಗೆ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರೂ ಬರಲಿಲ್ಲ. ಬರುವುದು ಹೇಗೆ? ವೈರು ನನ್ನದು ಎಂದರೆ ಉರುಲೂ ನನ್ನದು ಎಂದ ಹಾಗಾಯಿತು.

ಒಂದು ವಾರ ಆ ವೈರು ಅಲ್ಲೇ ಇತ್ತು. ಶಾಲೆಗೆ ಬರುವಾಗ ನೀವೂ ನೋಡಿರುತ್ತೀರಿ. ಕೆಲವರು ನಕ್ಕರು. ಕೆಲವರು "ಮುದುಕಂಗೆ ಕೆಲ್ಸ ಇಲ್ಲ" ಎಂದರು. ಒಬ್ಬರು ಮಾತ್ರ ಆ ವಾರವೆಲ್ಲ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು ಎಂದು ನನಗನಿಸಿತು. ಅನಿಸಿದ್ದೆಲ್ಲ ನಿಜವೆಂದು ಹೇಳಲು ಬರುವುದಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಮರದಲ್ಲಿ ಒಂದಲ್ಲ, ಐದು ವೈರು ನೇತಾಡುತ್ತಿದ್ದವು. ನಮ್ಮದು ಒಂದು, ಹೊಸದಾಗಿ ನಾಲ್ಕು. ಹೊಸ ನಾಲ್ಕಕ್ಕೂ ಗಂಟು ಬಿಚ್ಚಿತ್ತು. ವೈರನ್ನು ನೀಟಾಗಿ ಸುತ್ತಿ ಸಿಂಬೆ ಮಾಡಿದ್ದರು. ಬುಡಗಳಿಗೆ ಹಸಿ ಮಣ್ಣು ಮೆತ್ತಿತ್ತು, ಆಗ ತಾನೆ ಕಿತ್ತ ಹಾಗೆ.

ನಾನು ಓಡಿ ಹೋಗಿ ತಾತನನ್ನು ಕರೆದುಕೊಂಡು ಬಂದೆ. "ಯಾರು ತಂದು ಹಾಕಿದ್ದು?" ಎಂದು ಕೇಳಿದೆ. ತಾತ ಒಂದೊಂದಾಗಿ ಮುಟ್ಟಿ ನೋಡಿದರು. "ಸಿಕ್ಕಿದೋರು ತಂದು ಮಡಗವ್ರೆ. ಕಟ್ಟುಪಾಡು ಗೊತ್ತಿರೋರು" ಎಂದರು. ಅಷ್ಟು ಹೇಳಿ ಆಡು ಹೊಡೆದುಕೊಂಡು ಹೊರಟರು. ಆ ದಿನ ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದರು. ನಾನು ಯಾವತ್ತೂ ಕೇಳದ ಹಾಡು.

ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ನನಗೆ ಒಂದು ಹಕ್ಕಿಯ ಕಥೆ ಹೇಳಿದರು. ಅದನ್ನೂ ಇಲ್ಲಿ ಬರೆಯುತ್ತೇನೆ, ಏಕೆಂದರೆ ಅದೂ ಕಳೆದು ಸಿಕ್ಕಿದ ಕಥೆಯೇ. ಆಂಧ್ರದಲ್ಲಿ ಜೆರ್ಡನ್ ಕೋರ್ಸರ್ ಎಂಬ ಹಕ್ಕಿ ಇದೆ. ಜೆರ್ಡನ್ ಎಂಬ ಬ್ರಿಟಿಷ್ ವೈದ್ಯರ ಹೆಸರು ಅದಕ್ಕೆ. ನೆಲದ ಮೇಲೆ ಓಡಾಡುವ, ರಾತ್ರಿ ಹೊತ್ತು ಹೊರಗೆ ಬರುವ ಸಣ್ಣ ಹಕ್ಕಿ. ನಮ್ಮ ಕಾವಲಿನಂತಹ ಕುರುಚಲು ಕಾಡೇ ಅದರ ಮನೆ. 1900ರ ನಂತರ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆ ಹಕ್ಕಿ ಅಳಿದೇ ಹೋಯಿತು ಎಂದು ಪುಸ್ತಕದಲ್ಲಿ ಬರೆದರು. ಆದರೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹುಡುಕುವುದನ್ನು ಬಿಡಲಿಲ್ಲ. ಭರತ್ ಭೂಷಣ್ ಎಂಬ ಯುವ ವಿಜ್ಞಾನಿ ಹಳ್ಳಿ ಹಳ್ಳಿಗೆ ಹೋಗಿ ಹಕ್ಕಿಯ ಚಿತ್ರ ತೋರಿಸಿ ವಿಚಾರಿಸಿದರು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯಲ್ಲಿ ಅದು ಸಿಕ್ಕಿತು. ಸಿಕ್ಕಿದ್ದು ಯಾರಿಗೆ ಗೊತ್ತೇ? ಐತನ್ನ ಎಂಬ ಒಬ್ಬ ಹಳ್ಳಿಯ ಬೇಟೆಗಾರನಿಗೆ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಕಂಡು ಆತ ಹಿಡಿದು ತಂದ. 86 ವರ್ಷ ಪುಸ್ತಕದವರಿಗೆ ಸಿಗದ ಹಕ್ಕಿ, ಕಾಡಿನಲ್ಲಿ ನಡೆಯುವವನಿಗೆ ಸಿಕ್ಕಿತು. ಆ ಒಂದು ಹಕ್ಕಿ ಬದುಕಲಿಲ್ಲ. ಆದರೆ ಅದರಿಂದಾಗಿ ಅಲ್ಲಿಯ ಕಾಡು ಉಳಿಯಿತು.

ನಮ್ಮ ಜಿಲ್ಲೆಯಲ್ಲೂ ಇಂಥದ್ದು ನಡೆದಿದೆ. ಶಿರಾ ಕಡೆಯ ಬುಕ್ಕಾಪಟ್ಟಣದ ಕಾಡಿನಲ್ಲಿ, ಚಿರತೆಗೆಂದು ಮರಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ಚಿಂಕಾರ ಎಂಬ ಹುಲ್ಲೆ ಕಾಣಿಸಿಕೊಂಡಿತು. ರಾಜಸ್ಥಾನದ ಮರುಭೂಮಿಯ ಕಡೆ ಹೆಚ್ಚಾಗಿರುವ ಪ್ರಾಣಿ ಅದು. 2019ರಲ್ಲಿ ಸರ್ಕಾರ ಆ ಕಾಡನ್ನು ಚಿಂಕಾರ ವನ್ಯಜೀವಿಧಾಮ ಎಂದು ಘೋಷಿಸಿತು. ಇದನ್ನು ಕೇಳಿ ತಾತನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಕಾಡು ಸುಮ್ನೆ ಇಟ್ಕಂಡಿರ್ತದೆ. ನಾವು ಹೋಗಿ ನೋಡ್ಬೇಕು ಅಷ್ಟೆ" ಎಂದರು.

ಎಲ್ಲವನ್ನೂ ಇಟ್ಟುಕೊಂಡಿರುವುದಿಲ್ಲ ಎಂಬುದು ಅವರಿಗೂ ಗೊತ್ತು. ತಾತ ಹುಡುಗರಾಗಿದ್ದಾಗ ನಮ್ಮ ಕಾವಲಿನಲ್ಲಿ ತೋಳ ಇತ್ತಂತೆ. ನಾನು ನೋಡಿಲ್ಲ, ನಮ್ಮಪ್ಪನೂ ನೋಡಿಲ್ಲ. ಆಗ ಬೆಳಿಗ್ಗೆ ಒಂದು ಗೌಜಲ ಕೂಗಿದರೆ ನಾಲ್ಕು ದಿಕ್ಕಿನಿಂದ ಮಾರುತ್ತರ ಬರುತ್ತಿತ್ತಂತೆ. ಈಗ ಒಂದು ಕೂಗಿದರೆ ನಾವಿಬ್ಬರೂ ನಿಂತು ಕಾಯುತ್ತೇವೆ. ಕೆಲವು ದಿನ ಉತ್ತರ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಹಕ್ಕಿ ಕಡಿಮೆಯಾದದ್ದು ಬೇಟೆಯಿಂದ ಮಾತ್ರ ಅಲ್ಲ. ಹುಲ್ಲು ಹೋಗಿ ಲಂಟಾನ ಬಂತು, ಕಾವಲಿನ ಅಂಚು ವರ್ಷ ವರ್ಷ ಹಿಂದಕ್ಕೆ ಸರಿಯಿತು, ಹೊಲಕ್ಕೆ ಔಷಧಿ ಹೊಡೆಯುವುದು ಹೆಚ್ಚಾಯಿತು. ಬಸರಿ ಮರಕ್ಕೆ ಗೌಜಲ ಹಕ್ಕಿಯನ್ನು ತಂದು ನೇತುಹಾಕಲು ಆಗುವುದಿಲ್ಲ. ಕಳೆದವರೂ ನಾವೇ, ಹುಡುಕಬೇಕಾದವರೂ ನಾವೇ.

ನಮ್ಮ ಓರಗೆಯವರಲ್ಲಿ ಕಾವಲಿಗೆ ಹೋಗುವವರು ಕಡಿಮೆಯಾಗಿದ್ದಾರೆ. ಆಡು ಮಾರಿದರು, ಗ್ಯಾಸ್ ಬಂದು ಸೌದೆ ಬೇಡವಾಯಿತು. ಯಾರೂ ಹೋಗದ ಜಾಗದಲ್ಲಿ ವೈರು ಹಾಕುವುದು ಸುಲಭ. ಏನು ಕಳೆಯಿತೆಂದು ಕೂಗಿ ಹೇಳುವವರೂ ಇರುವುದಿಲ್ಲ. ಅದಕ್ಕೇ ನಿಮ್ಮೆಲ್ಲರಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ಭಾನುವಾರ ಕಾವಲಿಗೆ ಬನ್ನಿ. ಒಬ್ಬರೇ ಬರಬೇಡಿ, ದೊಡ್ಡವರ ಜೊತೆ ಬನ್ನಿ. ಖಾಲಿ ಉರುಲು ಕಂಡರೆ ಕಿತ್ತು ತಂದು ಬಸರಿ ಮರಕ್ಕೆ ಹಾಕಿ. ಉರುಲಿನಲ್ಲಿ ಪ್ರಾಣಿ ಇದ್ದರೆ ಹತ್ತಿರ ಹೋಗದೆ ದೊಡ್ಡವರಿಗೂ ಅರಣ್ಯ ಇಲಾಖೆಯವರಿಗೂ ತಿಳಿಸಿ. ಗರಿ ಸಿಕ್ಕರೆ ಬುಡ ನೋಡಿ ಎತ್ತಿಕೊಳ್ಳಿ. ಮತ್ತೆ, ಎಲ್ಲಾದರೂ ಒಂದು ಹಳೆಯ ಹಿತ್ತಾಳೆ ಸುಣ್ಣದ ಡಬ್ಬಿ ಸಿಕ್ಕರೆ ದಯವಿಟ್ಟು ಮೂರು ಸಲ ಕೂಗಿ. ನಮ್ಮ ತಾತನಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಕೂಗಿ.


ನಿಮ್ಮ ಸಹಪಾಠಿ,
9ನೇ ತರಗತಿ